ಜಮೋರಾ: ಹೊರಡುವ ಮುನ್ನ ಕೇಳುವ ಪ್ರಶ್ನೆಗಳು

ಸ್ಪೇನ್ ಪ್ರವಾಸ ಎಂದರೆ ಮ್ಯಾಡ್ರಿಡ್, ಬಾರ್ಸಿಲೋನಾ, ಸೆವಿಯಾ, ಗ್ರನಾಡಾ ಎಂದು ನಾಲ್ಕು ಹೆಸರು ಹೇಳಿ ಮುಗಿಸುವವರೇ ಹೆಚ್ಚು. ದೇಶದ ವಾಯವ್ಯ ಭಾಗದಲ್ಲಿ, ದುಯೆರೋ ನದಿಯ ದಂಡೆಯ ಬಂಡೆಯ ಮೇಲೆ ಕುಳಿತಿರುವ ಜಮೋರಾ ಆ ಪಟ್ಟಿಗೆ ಸೇರುವುದಿಲ್ಲ. ಅಲ್ಲಿಗೆ ಹೋಗಲು ಮನಸ್ಸು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉತ್ತರ ಉದ್ದವಾಗಿವೆ, ಕೆಲವಕ್ಕೆ ಒಂದೆರಡು ಸಾಲೇ ಸಾಕಾಗಿದೆ.

ಜಮೋರಾ ಎಲ್ಲಿದೆ, ಎಷ್ಟು ದೊಡ್ಡ ಊರು?

ಕಾಸ್ಟೀಲ್ ಮತ್ತು ಲಿಯೋನ್ ಪ್ರಾಂತ್ಯದಲ್ಲಿದೆ. ಮ್ಯಾಡ್ರಿಡ್‌ನಿಂದ ಸುಮಾರು 250 ಕಿ.ಮೀ., ಸಾಲಮಾಂಕಾದಿಂದ ಸುಮಾರು 65 ಕಿ.ಮೀ. ಜನಸಂಖ್ಯೆ 60 ಸಾವಿರದ ಆಸುಪಾಸು. ಜಿಲ್ಲೆಯ ಹೆಸರೂ ಜಮೋರಾ, ಅದರ ಮುಖ್ಯ ಪಟ್ಟಣವೂ ಇದೇ. ಹಳೆಯ ಊರು ಉದ್ದಕ್ಕೆ, ಕಿರಿದಾಗಿ ಚಾಚಿಕೊಂಡಿದೆ. ಪಶ್ಚಿಮದ ತುದಿಯಲ್ಲಿ ಕೋಟೆ ಮತ್ತು ಕೆಥೆಡ್ರಲ್, ನಡುವೆ ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕ, ಪೂರ್ವಕ್ಕೆ ಅಂಗಡಿ ಬೀದಿಗಳು. ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು.

ಇಷ್ಟು ಹಳೆಯ ಊರಾದರೂ ಹೆಸರೇ ಕೇಳಿಲ್ಲವಲ್ಲ, ಯಾಕೆ?

ಒಂದು ಕಾರಣ ಸರಳವಾದದ್ದು. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿ ಹತ್ತಿರದ ಸಾಲಮಾಂಕಾ, ಆವಿಲಾ, ಸೆಗೋವಿಯಾ ಮೂರೂ ಇವೆ, ಜಮೋರಾ ಇಲ್ಲ. ಪ್ರವಾಸಿ ಬಸ್ಸುಗಳು ಆ ಪಟ್ಟಿಯನ್ನೇ ಹಿಡಿದು ಓಡುತ್ತವೆ. ಎರಡನೆಯದು, ಮ್ಯಾಡ್ರಿಡ್‌ನಿಂದ ವೇಗದ ರೈಲು ಇಲ್ಲಿಗೆ ಬಂದದ್ದೇ 2015ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲು ರಾಜಧಾನಿಯಿಂದ ಒಂದು ದಿನದ ಮಟ್ಟಿಗೆ ಬಂದು ಹೋಗುವುದು ಹರಸಾಹಸವಾಗಿತ್ತು.

ನನ್ನ ಪ್ರಕಾರ ಮೂರನೆಯ ಕಾರಣವೂ ಇದೆ. ದೂರದಿಂದಲೇ ಕಣ್ಣು ಕುಕ್ಕುವ ಒಂದೇ ಒಂದು ದೊಡ್ಡ ಕಟ್ಟಡ ಇಲ್ಲಿಲ್ಲ. ಇರುವುದೆಲ್ಲ ಗಿಡ್ಡ, ದಪ್ಪ ಗೋಡೆಯ, ಹಳದಿ ಕಲ್ಲಿನ ಚರ್ಚುಗಳು. ಹತ್ತಿರ ಹೋಗಿ ಕತ್ತೆತ್ತಿ ನೋಡಿದವರಿಗೆ ಮಾತ್ರ ಅವುಗಳಲ್ಲಿ ಏನಿದೆ ಎಂದು ಗೊತ್ತಾಗುತ್ತದೆ, ಮೊಬೈಲ್ ಫೋಟೋದಲ್ಲಿ ಅದು ಸಿಗುವುದಿಲ್ಲ.

ಸಾಲಮಾಂಕಾ ನೋಡಿದ ಮೇಲೆ ಇದನ್ನೂ ನೋಡಬೇಕೇ?

ನೋಡಬೇಕು. ಸಾಲಮಾಂಕಾದ ವೈಭವ 15 ಮತ್ತು 16ನೆಯ ಶತಮಾನದ್ದು, ವಿಶ್ವವಿದ್ಯಾಲಯದ ದುಡ್ಡಿನದು. ಜಮೋರಾದ್ದು ಅದಕ್ಕಿಂತ ಮುನ್ನೂರು ವರ್ಷ ಹಿಂದಿನದು. ಸಾಲಮಾಂಕಾದ ಹಳೆಯ ಕೆಥೆಡ್ರಲ್‌ನ ಹೆಸರಾಂತ ಗೋಪುರಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟದ್ದು ಇಲ್ಲಿನ ಗುಮ್ಮಟವೇ.

ಎಷ್ಟು ದಿನ ಬೇಕು?

ಎರಡು ರಾತ್ರಿ ಉಳಿಯಿರಿ. ಬೆಳಿಗ್ಗೆ ಬಂದು ಸಂಜೆ ಹೊರಡುವವರಿಗೆ ಈ ಊರು ಅರ್ಧ ಮಾತ್ರ ಸಿಗುತ್ತದೆ, ಅದೂ ಕೆಟ್ಟ ಅರ್ಧ. ಮಧ್ಯಾಹ್ನ ಎರಡರಿಂದ ಐದರವರೆಗೆ ಚರ್ಚು, ಅಂಗಡಿ, ವಸ್ತುಸಂಗ್ರಹಾಲಯ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ದಿನದ ಪ್ರವಾಸಿಯ ಪಾಲಿಗೆ ಬರುವುದು ಆ ಹೊತ್ತೇ. ಸಂಜೆ ಏಳರ ನಂತರ ಊರಿಗೆ ಊರೇ ಸಾಂತಾ ಕ್ಲಾರಾ ಬೀದಿಗೆ ಇಳಿಯುತ್ತದೆ. ಅಜ್ಜಿಯರು ಕೈ ಕೈ ಹಿಡಿದು ಸಾಲಾಗಿ ಅಡ್ಡಾಡುತ್ತಾರೆ, ಮಕ್ಕಳು ಚೌಕದಲ್ಲಿ ಚೆಂಡು ಒದೆಯುತ್ತಾರೆ. ಮೂರನೆಯ ದಿನ ಇದ್ದರೆ ಸುತ್ತಲಿನ ಹಳ್ಳಿಗಳಿಗೆ ಇಡಿ.

ಮ್ಯಾಡ್ರಿಡ್‌ನಿಂದ ಹೋಗುವುದು ಹೇಗೆ?

ಚಮಾರ್ಟಿನ್ ನಿಲ್ದಾಣದಿಂದ ರೈಲು. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದ ಕಡೆಗೆ ಹೋಗುವ ವೇಗದ ರೈಲುಗಳು ಜಮೋರಾದಲ್ಲಿ ನಿಲ್ಲುತ್ತವೆ, ವೇಗದವು ಒಂದು ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತವೆ. ವಿಮಾನ ನಿಲ್ದಾಣದ ಟರ್ಮಿನಲ್ 4ರಿಂದ ಚಮಾರ್ಟಿನ್‌ಗೆ ಉಪನಗರ ರೈಲು ಇದೆ, ಹಾಗಾಗಿ ಮ್ಯಾಡ್ರಿಡ್ ಊರೊಳಗೆ ಕಾಲಿಡದೆಯೂ ಬರಬಹುದು. ಟಿಕೆಟ್ ಮುಂಚಿತವಾಗಿ ತೆಗೆದಷ್ಟೂ ಅಗ್ಗ. ಬಸ್ಸಿಗೆ ಸುಮಾರು ಮೂರು ಗಂಟೆ ಹಿಡಿಯುತ್ತದೆ. ಸಾಲಮಾಂಕಾದಿಂದ ಬರುವವರಿಗೆ ಮಾತ್ರ ಬಸ್ಸೇ ಸರಿ, ಒಂದು ಗಂಟೆಯ ದಾರಿ.

ಕೌಂಟರಿನಲ್ಲಿ ಕೇಳುವಾಗ ‘ಥಮೋರಾ’ ಎನ್ನಿ, ತಕ್ಷಣ ಅರ್ಥವಾಗುತ್ತದೆ. ಇಳಿದ ಮೇಲೆ ರೈಲು ನಿಲ್ದಾಣದ ಕಟ್ಟಡವನ್ನು ಒಮ್ಮೆ ಹಿಂತಿರುಗಿ ನೋಡಿ. 16ನೆಯ ಶತಮಾನದ ಅರಮನೆಯಂತೆ ಕಾಣುವ ಅದು ಕಳೆದ ಶತಮಾನದಲ್ಲಿ ಕಟ್ಟಿದ್ದು. ಅಲ್ಲಿಂದ ಹಳೆಯ ಊರಿಗೆ ಇಪ್ಪತ್ತು ನಿಮಿಷದ ನಡಿಗೆ.

ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಶೆಂಗೆನ್ ವೀಸಾ ಬೇಕು. 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಇರಬಹುದು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಹದಿನೈದು ದಿನ ಉಳಿದಿರುವಾಗ ಹಾಕುವುದು ಕೊನೆಯ ಗಡುವು. ಬೇಸಿಗೆ ರಜೆಗೆ ಹೋಗುವವರು ಆ ಗಡುವನ್ನು ನಂಬಿ ಕೂರಬೇಡಿ.

ಯಾವ ತಿಂಗಳು ಒಳ್ಳೆಯದು?

ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಕಾಸ್ಟೀಲಿನ ಜನ ತಮ್ಮ ಹವೆಯ ಬಗ್ಗೆ ಹೇಳಿಕೊಳ್ಳುತ್ತಾರೆ. ಊರು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ನದಿಯಿಂದ ಏಳುವ ಮಂಜು ದಿನಗಟ್ಟಲೆ ಕರಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುತ್ತದೆ, ಕಲ್ಲು ಬೀದಿಗಳು ಕಾಯುತ್ತವೆ. ಮೇ, ಜೂನ್ ಮೊದಲರ್ಧ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹಿತವಾಗಿರುತ್ತದೆ. ಜೂನ್ ಕೊನೆಗೆ ಹೋದರೆ ಸಂತ ಪೀಟರನ ಹಬ್ಬದ ಬೆಳ್ಳುಳ್ಳಿ ಜಾತ್ರೆ ಸಿಗುತ್ತದೆ. ಹೆಣೆದ ಬೆಳ್ಳುಳ್ಳಿ ಜಡೆಗಳನ್ನು ಬೀದಿಯುದ್ದಕ್ಕೂ ರಾಶಿ ಹಾಕಿ ಮಾರುತ್ತಾರೆ, ಜೊತೆಗೆ ಮಣ್ಣಿನ ಪಾತ್ರೆಗಳ ಸಂತೆಯೂ ಇರುತ್ತದೆ.

‘ರೋಮನೆಸ್ಕ್’ ಎಂದು ಎಲ್ಲ ಕಡೆ ಬರೆದಿದ್ದಾರೆ. ಹಾಗೆಂದರೇನು, ಇಲ್ಲೇ ಯಾಕೆ ಇಷ್ಟೊಂದು?

ಗಾಥಿಕ್ ಶೈಲಿಗಿಂತ ಮೊದಲು, ಮುಖ್ಯವಾಗಿ 11 ಮತ್ತು 12ನೆಯ ಶತಮಾನಗಳಲ್ಲಿ ಯುರೋಪಿನಲ್ಲಿ ಹರಡಿದ ಕಟ್ಟಡ ಶೈಲಿ ಇದು. ಅರ್ಧವೃತ್ತದ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ, ಒಳಗೆ ಅರೆಗತ್ತಲು. ಅಲಂಕಾರವೆಲ್ಲ ಬಾಗಿಲುವಾಡದ ಸುತ್ತ, ಕಂಬದ ಬೋದಿಗೆಗಳ ಮೇಲೆ, ಸೂರಿನ ಕೆಳಗಿನ ಕಲ್ಲುಗಳಲ್ಲಿ. ಜಮೋರಾದಲ್ಲಿ ಇಂಥ ಚರ್ಚುಗಳು ಇಪ್ಪತ್ತಕ್ಕೂ ಹೆಚ್ಚಿವೆ. ಈ ಗಾತ್ರದ ಊರಿನಲ್ಲಿ ಇಷ್ಟು ದಟ್ಟಣೆ ಯುರೋಪಿನಲ್ಲೇ ಅಪರೂಪ.

ಯಾಕೆ ಎಂಬುದಕ್ಕೆ ಇತಿಹಾಸ ಉತ್ತರ ಹೇಳುತ್ತದೆ. ದುಯೆರೋ ನದಿ ಆಗ ಉತ್ತರದ ಕ್ರೈಸ್ತ ರಾಜ್ಯಗಳಿಗೂ ದಕ್ಷಿಣದ ಮುಸ್ಲಿಂ ಆಳ್ವಿಕೆಗೂ ನಡುವಿನ ಗಡಿಸೀಮೆ. 893ರಲ್ಲಿ ಮೂರನೆಯ ಅಲ್ಫೋನ್ಸೋ ದೊರೆ ಇಲ್ಲಿ ಜನರನ್ನು ನೆಲೆಗೊಳಿಸಿ ಕೋಟೆ ಕಟ್ಟಿಸಿದ. 12ನೆಯ ಶತಮಾನದ ಹೊತ್ತಿಗೆ ಗಡಿ ದಕ್ಷಿಣಕ್ಕೆ ಸರಿದು ಊರು ನೆಮ್ಮದಿ ಕಂಡಿತು, ಜನ ಬಂದರು. ಬೇರೆ ಬೇರೆ ಕಡೆಯಿಂದ ಬಂದ ಪ್ರತಿ ಗುಂಪೂ, ಪ್ರತಿ ಕೇರಿಯೂ ತನ್ನದೇ ಚರ್ಚು ಕಟ್ಟಿಕೊಂಡಿತು. ಆಮೇಲೆ ಅಧಿಕಾರವೂ ಹಣವೂ ದಕ್ಷಿಣಕ್ಕೆ ಹೋದವು. ಶ್ರೀಮಂತ ಊರುಗಳು ಹಳೆಯ ಚರ್ಚು ಕೆಡವಿ ಗಾಥಿಕ್, ಬರೋಕ್ ಕಟ್ಟಿದವು. ಕೈಯಲ್ಲಿ ಕಾಸಿಲ್ಲದ ಜಮೋರಾ ಇದ್ದುದನ್ನೇ ತೇಪೆ ಹಾಕಿ ಉಳಿಸಿಕೊಂಡಿತು. ನಾವಿಂದು ಪರಂಪರೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಬಡತನ ಕಾಪಾಡಿದ್ದು.

ಇಪ್ಪತ್ತನ್ನೂ ನೋಡಬೇಕೇ?

ಖಂಡಿತ ಬೇಡ. ಏಳನೆಯದಕ್ಕೆ ಕಣ್ಣು ಸೋಲುತ್ತದೆ, ಎಂಟನೆಯದು ಮೂರನೆಯದರ ಹಾಗೆ ಕಾಣತೊಡಗುತ್ತದೆ. ಕೆಥೆಡ್ರಲ್ ಬಿಟ್ಟು ನಾಲ್ಕನ್ನು ಸಾವಧಾನವಾಗಿ ನೋಡಿ.

ಸಾಂತಾ ಮರಿಯಾ ಮಗ್ದಲೇನಾ: ಕೆಥೆಡ್ರಲ್‌ಗೆ ಹೋಗುವ ಬೀದಿಯಲ್ಲೇ ಇದೆ. ದಕ್ಷಿಣದ ಬಾಗಿಲುವಾಡ ಊರಿನಲ್ಲೇ ಚೆಲುವಾದದ್ದು, ಕಮಾನಿನ ಪದರ ಪದರದಲ್ಲೂ ಎಲೆ ಬಳ್ಳಿಗಳ ನಡುವೆ ಪುಟ್ಟ ತಲೆಗಳು. ಒಳಗೆ ಒಬ್ಬ ಹೆಣ್ಣುಮಗಳ ಸಮಾಧಿ. ಅವಳು ಯಾರೆಂದು ಯಾರಿಗೂ ತಿಳಿಯದು. ಹಾಸಿಗೆಯ ಮೇಲೆ ಮಲಗಿದ ಆಕೃತಿ, ಅವಳ ಆತ್ಮವನ್ನು ಮೇಲಕ್ಕೊಯ್ಯುವ ದೇವದೂತರು, ಮೇಲೆ ಕಲ್ಲಿನ ಚಪ್ಪರ, ಅದನ್ನು ಹೊತ್ತ ತಿರುಚು ಕಂಬಗಳು, ಬೋದಿಗೆಗಳಲ್ಲಿ ಕತ್ತು ಹೆಣೆದುಕೊಂಡ ವಿಚಿತ್ರ ಪ್ರಾಣಿಗಳು. ಖಾಲಿ ಚರ್ಚಿನಲ್ಲಿ ಇದೊಂದೇ ನಿಂತಿರುವುದರಿಂದ ಕಣ್ಣು ಬೇರೆಡೆ ಹೋಗುವುದಿಲ್ಲ.

ಸಾನ್ ಕ್ಲಾಡಿಯೋ ದೆ ಒಲಿವಾರೆಸ್: ಕೋಟೆಯ ಹೊರಗೆ, ನದಿಯ ಬದಿಯಲ್ಲಿ. ಹೊರಗಿನಿಂದ ಏನೂ ಅನಿಸದು. ಒಳಗಿನ ಬೋದಿಗೆಗಳನ್ನು ಒಂದೊಂದಾಗಿ ನೋಡಿ.

ಸಾಂತಿಯಾಗೋ ಎಲ್ ವಿಯೆಹೋ: ಅಲ್ಲಿಂದ ತುಸು ಮುಂದೆ, ಬಯಲಿನಲ್ಲಿ ಒಂಟಿಯಾಗಿ ನಿಂತ ಪುಟ್ಟ ಗುಡಿಯಂಥ ಚರ್ಚು. ಸ್ಪೇನಿನ ವೀರಗಾಥೆಗಳ ನಾಯಕ ಎಲ್ ಸಿದ್ ಇಲ್ಲಿ ಯೋಧದೀಕ್ಷೆ ಪಡೆದ ಎಂಬುದು ಐತಿಹ್ಯ.

ಸಾನ್ ಹುವಾನ್ ದೆ ಪುಯೆರ್ತಾ ನುಯೆವಾ: ಪ್ಲಾಸಾ ಮಯೋರ್‌ನಲ್ಲೇ ಇದೆ. ಅದರ ಚಕ್ರಾಕಾರದ ಕಿಟಕಿ ಊರಿನ ಗುರುತೇ ಆಗಿಹೋಗಿದೆ. ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುತ್ತ ನಿಂತಿರುವ ಲೋಹದ ಯೋಧನನ್ನು ಊರವರು ಪೆರೋಮಾತೋ ಎನ್ನುತ್ತಾರೆ.

ಕೆಥೆಡ್ರಲ್‌ನಲ್ಲಿ ಏನು ತಪ್ಪಿಸಬಾರದು?

ಮೊದಲು ಹೊರಗಿನಿಂದ ಗುಮ್ಮಟ. ಕಟ್ಟಡದ ಕೆಲಸ 1151ರಲ್ಲಿ ಶುರುವಾಗಿ 1174ರಲ್ಲಿ ಪ್ರತಿಷ್ಠಾಪನೆ ನಡೆಯಿತು. ಆ ಕಾಲಕ್ಕೆ ಇಪ್ಪತ್ತಮೂರು ವರ್ಷ ಎಂದರೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದ ಹಾಗೆ. ಗುಮ್ಮಟದ ಬುಡದಲ್ಲಿ ಹದಿನಾರು ಕಿಟಕಿಗಳು, ನಾಲ್ಕು ಮೂಲೆಯಲ್ಲಿ ಪುಟ್ಟ ಗೋಪುರಗಳು. ಮೇಲ್ಮೈಯ ಕಲ್ಲನ್ನೆಲ್ಲ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೊರೆದಿದ್ದಾರೆ. ಇದರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಂನ ಛಾಯೆ ಇದೆ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಸಂಜೆಯ ಓರೆ ಬಿಸಿಲಿನಲ್ಲಿ ಪ್ರತಿ ಹುರುಪೆಯ ನೆರಳೂ ಬೇರೆಯಾಗಿ ಬೀಳುತ್ತದೆ, ಆ ಹೊತ್ತಿಗೇ ಹೋಗಿ. ಅದರ ಪಕ್ಕದ ದಪ್ಪ ಚೌಕ ಗೋಪುರ ಮಾತ್ರ ಕೋಟೆಯ ಕಾವಲು ಬುರುಜಿನ ಹಾಗಿದೆ, ಎರಡಕ್ಕೂ ತಾಳಮೇಳವೇ ಇಲ್ಲ. ನನಗೆ ಆ ಬೇಹೊಂದಾಣಿಕೆಯೇ ಇಷ್ಟ.

ಒಳಗೆ ಪಾದ್ರಿಗಳ ಗಾಯನ ಪೀಠಗಳು. 16ನೆಯ ಶತಮಾನದ ಆರಂಭದಲ್ಲಿ ಹುವಾನ್ ದೆ ಬ್ರುಸೆಲಸ್ ಎಂಬಾತ ಮರದಲ್ಲಿ ಕೆತ್ತಿದ್ದು. ಮೇಲಿನ ಸಾಲಿನಲ್ಲಿ ಸಂತರು ಗಂಭೀರವಾಗಿ ನಿಂತಿದ್ದಾರೆ. ಕೆಳಗೆ ಬಗ್ಗಿ ನೋಡಿದರೆ ಸನ್ಯಾಸಿಯ ಬಟ್ಟೆ ತೊಟ್ಟ ನರಿಯೊಂದು ಕೋಳಿಗಳಿಗೆ ಪ್ರವಚನ ಕೊಡುತ್ತಿದೆ. ಪಾದ್ರಿಗಳು ದಿನವೂ ಕೂರುವ ಜಾಗದಲ್ಲೇ ಪಾದ್ರಿಗಳನ್ನು ಗೇಲಿ ಮಾಡಿದ ಬಡಗಿಗೆ ಎಂಟೆದೆ ಇದ್ದಿರಬೇಕು.

ಅಲ್ಲಿನ ಚಿತ್ರಪರದೆಗಳ ಬಗ್ಗೆ ಯಾಕೆ ಇಷ್ಟು ಹೇಳುತ್ತಾರೆ?

ಕೆಥೆಡ್ರಲ್‌ನ ವಸ್ತುಸಂಗ್ರಹಾಲಯದಲ್ಲಿರುವ ಟ್ರೋಜನ್ ಯುದ್ಧದ ನೇಯ್ದ ಪರದೆಗಳು 15ನೆಯ ಶತಮಾನದಲ್ಲಿ ಈಗಿನ ಬೆಲ್ಜಿಯಂನ ಟೂರ್ನೇಯಲ್ಲಿ ನೇಯ್ದವು. ಉಣ್ಣೆ ಮತ್ತು ರೇಷ್ಮೆಯಲ್ಲಿ ಗೋಡೆ ತುಂಬುವಷ್ಟು ದೊಡ್ಡ ದೃಶ್ಯಗಳು. ಹೆಲೆನ್‌ಳ ಅಪಹರಣ, ಅಕಿಲೀಸನ ಸಾವು, ಟ್ರಾಯ್ ನಗರದ ನಾಶ ಎಲ್ಲವೂ ಇವೆ. ವೇಷಭೂಷಣ ಮಾತ್ರ ಗ್ರೀಕರದ್ದಲ್ಲ. ಎಲ್ಲರೂ 15ನೆಯ ಶತಮಾನದ ಯುರೋಪಿನ ಕವಚ, ಕಿನ್ಕಾಪಿನ ನಿಲುವಂಗಿ, ಚೂಪು ಬೂಟು ತೊಟ್ಟಿದ್ದಾರೆ. ಒಂದರ ಮುಂದೆ ಹತ್ತು ನಿಮಿಷ ನಿಂತರೆ ಜನಜಂಗುಳಿಯ ನಡುವೆ ಯಾರು ಯಾರ ಕುತ್ತಿಗೆಗೆ ಕತ್ತಿ ಇಟ್ಟಿದ್ದಾರೆ ಎಂದು ಬಿಡಿಸಿಕೊಳ್ಳಬಹುದು. ಬಣ್ಣ ಮಾಸದಿರಲೆಂದು ಬೆಳಕು ಮಂದವಾಗಿಟ್ಟಿರುತ್ತಾರೆ, ಕಣ್ಣು ಹೊಂದಿಕೊಳ್ಳಲು ಬಿಡಿ.

‘ದ್ರೋಹದ ಬಾಗಿಲು’ ಎಂದರೆ ಯಾವುದು?

ಕೋಟೆಗೋಡೆಯಲ್ಲಿ, ಅರಮನೆ ಕೋಟೆಯ ಹತ್ತಿರ ಇರುವ ಸಣ್ಣ ದಿಡ್ಡಿಬಾಗಿಲು. ಕಥೆ ದಾಯಾದಿ ಜಗಳದ್ದು. ಒಂದನೆಯ ಫರ್ನಾಂಡೋ ದೊರೆ 1065ರಲ್ಲಿ ತೀರಿಕೊಂಡಾಗ ಅವನ ರಾಜ್ಯ ಮಕ್ಕಳಿಗೆ ಹಂಚಿಕೆಯಾಯಿತು: ಸಾಂಚೋಗೆ ಕಾಸ್ಟೀಲ್, ಅಲ್ಫೋನ್ಸೋಗೆ ಲಿಯೋನ್, ಗಾರ್ಸಿಯಾಗೆ ಗಲೀಸಿಯಾ. ಮಗಳು ಉರ್ರಾಕಾಳ ಪಾಲಿಗೆ ಜಮೋರಾ ಬಂತು ಎಂದು ಪರಂಪರೆ ಹೇಳುತ್ತದೆ. ಸಾಂಚೋ ತಮ್ಮಂದಿರಿಬ್ಬರನ್ನೂ ಸೋಲಿಸಿದ, ಅಕ್ಕನ ಊರೊಂದು ಉಳಿಯಿತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರೂ ಅದು ಬಗ್ಗಲಿಲ್ಲ. ‘ಜಮೋರಾವನ್ನು ಒಂದು ಗಂಟೆಯಲ್ಲಿ ಗೆದ್ದದ್ದಲ್ಲ’ ಎಂಬ ಸ್ಪೇನಿನ ಗಾದೆ ಇದರಿಂದಲೇ ಬಂತು.

1072ರ ಅಕ್ಟೋಬರ್‌ನಲ್ಲಿ ವೆಯೀದೋ ದೋಲ್ಫೋಸ್ ಎಂಬಾತ ಊರಿನಿಂದ ಹೊರಬಂದು, ಪಕ್ಷ ಬದಲಿಸಿದವನಂತೆ ನಟಿಸಿ, ಸಾಂಚೋನನ್ನು ಇರಿದು ಕೊಂದ. ಎಲ್ ಸಿದ್ ಬೆನ್ನಟ್ಟಿದರೂ ಆತ ಈ ದಿಡ್ಡಿಬಾಗಿಲಿನಿಂದ ಒಳಗೆ ನುಸುಳಿ ಪಾರಾದ ಎಂದು ಲಾವಣಿಗಳು ಹಾಡುತ್ತವೆ. ಲಾವಣಿಗಳನ್ನು ಕಟ್ಟಿದವರಲ್ಲಿ ಕಾಸ್ಟೀಲಿನ ದನಿಯೇ ಜೋರು, ಹಾಗಾಗಿ ಶತಮಾನಗಳ ಕಾಲ ವೆಯೀದೋ ದ್ರೋಹಿಯಾಗಿಯೇ ಉಳಿದ. ಜಮೋರಾದವರ ಲೆಕ್ಕವೇ ಬೇರೆ: ಆತ ಮುತ್ತಿಗೆ ಮುರಿದು ಊರನ್ನು ಉಳಿಸಿದವನು. 2010ರಲ್ಲಿ ನಗರಸಭೆ ಬಾಗಿಲಿನ ಹೆಸರನ್ನು ‘ನಿಷ್ಠೆಯ ಬಾಗಿಲು’ ಎಂದು ಅಧಿಕೃತವಾಗಿ ಬದಲಿಸಿತು. ಒಂಬೈನೂರು ವರ್ಷಗಳ ಮೇಲೆ ಮೇಲ್ಮನವಿ ಗೆದ್ದ ಆರೋಪಿ ಇವನೊಬ್ಬನೇ ಇರಬೇಕು.

ಬೇರೆ ದಂತಕಥೆಗಳು ಇವೆಯೇ?

ಮೀನಿನ ಕಥೆಗಳು ಎರಡಿವೆ. ಊರಿನ ಮೊದಲ ಬಿಷಪ್ ಸಂತ ಅತಿಲಾನೋ ತನ್ನ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಉಂಗುರವನ್ನು ನದಿಗೆ ಎಸೆದು, ಅದು ಮರಳಿ ಸಿಕ್ಕ ದಿನ ದೇವರು ಕ್ಷಮಿಸಿದ ಎಂದುಕೊಳ್ಳುತ್ತೇನೆ ಎಂದು ಯಾತ್ರೆ ಹೊರಟನಂತೆ. ಹಿಂತಿರುಗಿ ಬಂದು ಊಟಕ್ಕೆಂದು ಮೀನು ಕೊಯ್ದಾಗ ಹೊಟ್ಟೆಯಲ್ಲಿ ಉಂಗುರ! ಶಕುಂತಲೆಯ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು 1158ರದ್ದು ಎನ್ನುವ ‘ಟ್ರೌಟ್ ಮೀನಿನ ದಂಗೆ’. ಸಂತೆಯಲ್ಲಿ ಒಂದು ಮೀನಿಗಾಗಿ ಚಮ್ಮಾರನಿಗೂ ಸಿರಿವಂತನ ಆಳಿಗೂ ಜಗಳ ಹತ್ತಿ, ಸಿರಿವಂತರು ಚರ್ಚಿನಲ್ಲಿ ಸಭೆ ಸೇರಿದಾಗ ಜನ ಹೊರಗಿನಿಂದ ಬೆಂಕಿ ಇಟ್ಟರಂತೆ. ಸುಟ್ಟದ್ದನ್ನು ಮತ್ತೆ ಕಟ್ಟಿದ ಚರ್ಚೇ ಸಾಂತಾ ಮರಿಯಾ ಲಾ ನುಯೆವಾ, ಅಂದರೆ ಹೊಸ ಮರಿಯಾ.

ಪವಿತ್ರ ವಾರದಲ್ಲಿ ಹೋಗಬಹುದೇ?

ಕೋಣೆ ಸಿಕ್ಕರೆ ಹೋಗಿ. ಈಸ್ಟರ್‌ಗೆ ಮುಂಚಿನ ಆ ವಾರ ಈ ಊರು ಬೇರೆಯೇ ಆಗುತ್ತದೆ. ಹೊರಗೆ ನೆಲೆಸಿದ ಮಕ್ಕಳು, ಮೊಮ್ಮಕ್ಕಳೆಲ್ಲ ಬರುತ್ತಾರೆ, ಹೋಟೆಲುಗಳು ತಿಂಗಳುಗಳ ಮೊದಲೇ ತುಂಬುತ್ತವೆ. 1986ರಿಂದ ಇದಕ್ಕೆ ಅಂತರರಾಷ್ಟ್ರೀಯ ಪ್ರವಾಸಿ ಮಹತ್ವದ ಹಬ್ಬ ಎಂಬ ಮಾನ್ಯತೆ ಇದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬೀಳುತ್ತದೆ.

ಸೆವಿಯಾದ ಸಡಗರ, ಹೂವು, ಹಾಡಿನ ಅಬ್ಬರ ಇಲ್ಲಿಲ್ಲ. ಬುಧವಾರ ಕೆಥೆಡ್ರಲ್ ಮುಂದೆ ಸಾವಿರಾರು ಜನರ ಎದುರು ಮೌನದ ಪ್ರತಿಜ್ಞೆ ನಡೆಯುತ್ತದೆ. ಅದೇ ರಾತ್ರಿ ಸಾನ್ ಕ್ಲಾಡಿಯೋ ಚರ್ಚಿನಿಂದ ಅಲಿಸ್ತೆ ಸೀಮೆಯ ಕುರಿಗಾಹಿಗಳ ಕಂದು ಉಣ್ಣೆ ನಿಲುವಂಗಿ ಹೊದ್ದವರ ಮೆರವಣಿಗೆ ಹೊರಡುತ್ತದೆ, ಕೈಯಲ್ಲಿ ಲಾಂದ್ರ. ಗುರುವಾರ ರಾತ್ರಿ ವಿರಿಯಾತೋ ಚೌಕದಲ್ಲಿ ಗಂಡಸರ ಮೇಳ ‘ಮಿಸೆರೇರೆ’ ಎಂಬ ಪಶ್ಚಾತ್ತಾಪದ ಕೀರ್ತನೆ ಹಾಡುವಾಗ ಚೌಕ ತುಂಬ ಜನರಿದ್ದರೂ ಒಂದು ಕೆಮ್ಮೂ ಕೇಳುವುದಿಲ್ಲ. ಶುಕ್ರವಾರ ನಸುಕಿನ ಐದಕ್ಕೆ ಪ್ಲಾಸಾ ಮಯೋರ್‌ನಿಂದ ದೊಡ್ಡ ಮೆರವಣಿಗೆ ಹೊರಡುತ್ತದೆ. ಅರ್ಧ ದಾರಿಯಲ್ಲಿ ವಿಗ್ರಹಗಳನ್ನು ಇಳಿಸಿ ಎಲ್ಲರೂ ಬಿಸಿ ಬಿಸಿ ಬೆಳ್ಳುಳ್ಳಿ ಸೂಪು ಕುಡಿಯುತ್ತಾರೆ. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಬುಧವಾರ ರಾತ್ರಿಯದನ್ನು ಆರಿಸುತ್ತೇನೆ.

ಚೂಪು ಟೋಪಿ ಹಾಕಿ ಮುಖ ಮುಚ್ಚಿಕೊಂಡವರನ್ನು ನೋಡಿ ಹೆದರಿಕೆಯಾಗುತ್ತದೆ. ಅವರು ಯಾರು?

ಧಾರ್ಮಿಕ ಸಂಘಗಳ ಸದಸ್ಯರು. ಬ್ಯಾಂಕಿನ ಗುಮಾಸ್ತ, ಶಾಲೆಯ ಮೇಷ್ಟರು, ಔಷಧ ಅಂಗಡಿಯವರು. ಪಶ್ಚಾತ್ತಾಪ ಪಡುವವನ ಗುರುತು ಊರಿಗೆ ತಿಳಿಯಬಾರದು ಎಂಬುದು ಮುಸುಕಿನ ಹಿಂದಿನ ಹಳೆಯ ಭಾವನೆ. ಅಮೆರಿಕದ ಜನಾಂಗದ್ವೇಷಿ ಗುಂಪಿನ ಉಡುಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಅದಕ್ಕಿಂತ ಶತಮಾನಗಳಷ್ಟು ಹಿಂದಿನದು. ಫೋಟೋ ತೆಗೆಯಬಹುದು, ಫ್ಲಾಶ್ ಬೇಡ. ಸಾಲಿನ ನಡುವೆ ಅಡ್ಡ ದಾಟುವುದಂತೂ ಬೇಡವೇ ಬೇಡ.

ಬೇರೆ ಸಮಯದಲ್ಲಿ ಹೋದರೆ ಇದರ ಸುಳಿವೇ ಸಿಗುವುದಿಲ್ಲವೇ?

ಬೀದಿಯಲ್ಲೇ ಸಿಗುತ್ತದೆ. ಪ್ಲಾಸಾ ಮಯೋರ್‌ನಲ್ಲಿ ಕಹಳೆ ಮತ್ತು ತಮಟೆ ಹಿಡಿದ ಮುಸುಕಿನ ಜೋಡಿಯ ಕಂಚಿನ ಪ್ರತಿಮೆ ಇದೆ. ನಸುಕಿನಲ್ಲಿ ಸಂಘದವರನ್ನು ಎಬ್ಬಿಸಿ ಕರೆಯುವ ಜೋಡಿ ಅದು. ಸಾಂತಾ ಮರಿಯಾ ಲಾ ನುಯೆವಾ ಬಳಿಯಲ್ಲಿ ಬಾರಾಂದಾಲೆಸ್ ನಿಂತಿದ್ದಾನೆ, ಎರಡೂ ಮಣಿಕಟ್ಟಿಗೆ ಭಾರದ ಗಂಟೆ ಕಟ್ಟಿಕೊಂಡು ಮೆರವಣಿಗೆಯ ಮುಂದೆ ಬಾರಿಸುತ್ತ ಸಾಗುವವನು.

ಚರ್ಚಿಗೆ ಹೋದಾಗ ಬಾಗಿಲು ಹಾಕಿತ್ತು. ಏನು ಮಾಡುವುದು?

ಇದು ಎಲ್ಲರ ದೂರು. ಚಳಿಗಾಲಕ್ಕೊಂದು, ಬೇಸಿಗೆಗೊಂದು ವೇಳಾಪಟ್ಟಿ, ವಾರದ ರಜೆಯೂ ಒಂದೊಂದಕ್ಕೆ ಬೇರೆ ದಿನ. ಊರಿಗೆ ಬಂದ ಕೂಡಲೇ ಪ್ರವಾಸಿ ಮಾಹಿತಿ ಕಚೇರಿಗೆ ಹೋಗಿ ಆ ವಾರದ ಪಟ್ಟಿ ಕೇಳಿ ಪಡೆಯಿರಿ. ಸೋಮವಾರ ವಸ್ತುಸಂಗ್ರಹಾಲಯಗಳು ಮುಚ್ಚಿರುವುದು ಸಾಮಾನ್ಯ, ಆ ದಿನವನ್ನು ನದಿಗೆ ಮತ್ತು ಕೋಟೆಗೋಡೆಗೆ ಬಿಡಿ. ಭಾನುವಾರ ಪೂಜೆಯ ಹೊತ್ತಿನಲ್ಲಿ ಒಳಗೆ ಹೋದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರಿ, ಯಾರೂ ಏನೂ ಅನ್ನುವುದಿಲ್ಲ.

ನದಿಯ ಬದಿಯಲ್ಲಿ ನೋಡುವಂಥದ್ದೇನಿದೆ?

ಮಧ್ಯಯುಗದ ಕಲ್ಲಿನ ಸೇತುವೆ, ಅದನ್ನು ದಾಟಿ ಆಚೆ ದಡದಿಂದ ಕಾಣುವ ಕೆಥೆಡ್ರಲ್. ಊರಿನ ಅತ್ಯುತ್ತಮ ನೋಟ ಇದೇ, ಕಾಸೂ ಕೊಡಬೇಕಿಲ್ಲ. ಈಚೆ ದಡದಲ್ಲಿ ಒಲಿವಾರೆಸ್‌ನ ನೀರಿನ ಗಿರಣಿಗಳು ನದಿಯೊಳಕ್ಕೇ ಚಾಚಿವೆ. ದುಯೆರೋದ ರಭಸ ಸೀಳಲೆಂದು ಅವುಗಳ ಮೂತಿಯನ್ನು ಹಡಗಿನ ಮುಂಭಾಗದಂತೆ ಚೂಪಾಗಿ ಕಟ್ಟಿದ್ದಾರೆ. ಒಳಗೆ ಚಕ್ರಗಳನ್ನು ನೋಡಬಹುದು. ಚರ್ಚುಗಳ ಗೋಪುರದ ಮೇಲೆಲ್ಲ ಬಿಳಿ ಕೊಕ್ಕರೆಗಳ ಗೂಡುಗಳಿವೆ, ಕೊಕ್ಕು ಬಡಿಯುವ ಸದ್ದು ಕೆಳಗಿನ ಬೀದಿಗೂ ಕೇಳುತ್ತದೆ.

ಮಧ್ಯಯುಗ ಸಾಕು ಅನಿಸಿದರೆ?

ಸಾಂತಾ ಕ್ಲಾರಾ ಬೀದಿಯಲ್ಲಿ ಕತ್ತೆತ್ತಿ ನಡೆಯಿರಿ. 20ನೆಯ ಶತಮಾನದ ಆರಂಭದಲ್ಲಿ ಬಾರ್ಸಿಲೋನಾದಿಂದ ಬಂದು ಇಲ್ಲಿ ನಗರ ವಾಸ್ತುಶಿಲ್ಪಿಯಾಗಿದ್ದ ಫ್ರಾನ್ಸೆಸ್ಕ್ ಫೆರ್ರಿಯೋಲ್ ಮತ್ತು ಅವನ ಕಾಲದವರು ಕಟ್ಟಿದ ಬಳುಕು ಬಾಲ್ಕನಿಯ, ಗಾಜಿನ ಮೊಗಸಾಲೆಯ ಮನೆಗಳಿವೆ. ಗ್ರಾಮೀಣ ಬದುಕಿನ ಉಪಕರಣ, ಮಡಕೆ, ಉಡುಪುಗಳ ಜನಪದ ವಸ್ತುಸಂಗ್ರಹಾಲಯವೂ ಚೆನ್ನಾಗಿದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಎಚ್ಚರ ಬೇಕು. ಇಲ್ಲಿ ಮಾಂಸವಿಲ್ಲ ಎಂದರೆ ಹಂದಿಯ ಒಣಮಾಂಸದ ಚೂರುಗಳೂ ಇಲ್ಲ ಎಂದು ಅರ್ಥವಾಗಬೇಕಿಲ್ಲ. ಬೆಳ್ಳುಳ್ಳಿ ಸೂಪು, ಕಡಲೆಕಾಳಿನ ಸಾರು, ಹುರಿದ ತರಕಾರಿ ಯಾವುದರಲ್ಲೂ ಅದು ಬಂದುಬಿಡಬಹುದು. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೋ’ ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಹಂದಿ ಬೇಡ, ಮೀನು ಬೇಡ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ‘ತೊರ್ತಿಯಾ’ ಎಲ್ಲ ಬಾರಿನಲ್ಲೂ ಇರುತ್ತದೆ. ಫುಯೆಂತೆಸೌಕೋ ಎಂಬ ಇಲ್ಲಿನ ಊರಿನ ಕಡಲೆ ದೇಶದಲ್ಲೇ ಹೆಸರುವಾಸಿ. ಜಮೋರಾದ ಕುರಿಹಾಲಿನ ಗಿಣ್ಣು, ಅಂದರೆ ಚೀಸ್, ಕನಿಷ್ಠ 100 ದಿನ ಹದವಾಗಿಸಿದ್ದು, ಬಲು ರುಚಿ. ಆದರೆ ಹಾಲು ಒಡೆಯಲು ಪ್ರಾಣಿಜನ್ಯ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ತಂದರೆ ಅವಮಾನವೇನಲ್ಲ.

ಮಾಂಸಾಹಾರಿಗಳಿಗೆ?

ಹಬ್ಬ. ಹಂದಿಯ ಕಿವಿ, ಕಾಲು ಹಾಕಿ ಮಾಡುವ ಜಮೋರಾ ಅನ್ನ, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನಪುಡಿಯ ಒಗ್ಗರಣೆ ಬಿದ್ದ ಉಪ್ಪುಮೀನು, ಈಸ್ಟರ್ ದಿನದ ಎರಡು ಮೊಟ್ಟೆ ಮತ್ತು ಹಂದಿಮಾಂಸ. ಊಟ ಮಧ್ಯಾಹ್ನ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ. ಏಳಕ್ಕೇ ಹಸಿದು ಹೋದರೆ ಅಡುಗೆಮನೆ ತೆರೆದಿರುವುದಿಲ್ಲ. ಹಗಲಿನ ‘ಮೆನು ದೆಲ್ ದಿಯಾ’, ಅಂದರೆ ಆ ದಿನದ ನಿಗದಿತ ಊಟ, ಕೈಗೆಟಕುವ ಬೆಲೆಯಲ್ಲಿ ಹೊಟ್ಟೆ ತುಂಬಿಸುತ್ತದೆ.

ಇಂಗ್ಲಿಷ್ ನಡೆಯುತ್ತದೆಯೇ?

ಹೋಟೆಲಿನಲ್ಲಿ ನಡೆಯುತ್ತದೆ, ಸಂತೆಯಲ್ಲಿ ಇಲ್ಲ. ಹತ್ತು ಸ್ಪ್ಯಾನಿಷ್ ಪದ, ಮೊಬೈಲಿನ ಅನುವಾದ, ನಗುಮುಖ ಇದ್ದರೆ ಕೆಲಸ ಆಗುತ್ತದೆ. ಅಂಗಡಿಗೆ ಕಾಲಿಡುವಾಗ ‘ಬುಯೆನೋಸ್ ದಿಯಾಸ್’ (ಶುಭದಿನ) ಎನ್ನದೆ ನೇರ ಬೆಲೆ ಕೇಳುವುದು ಇಲ್ಲಿ ಒರಟುತನ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಮೇಲಿನ ಊರು ಬಹುಮಟ್ಟಿಗೆ ಸಮತಟ್ಟು, ವಾಹನ ಕಡಿಮೆ, ಕೂರಲು ಬೆಂಚುಗಳು ಧಾರಾಳ. ನದಿಗೆ ಇಳಿಯುವ ಬೀದಿಗಳು ಮಾತ್ರ ಕಡಿದು, ಕಲ್ಲು ಜಾರುತ್ತದೆ. ಕೆಳಕ್ಕೆ ನಡೆದು ಹೋಗಿ ಮೇಲಕ್ಕೆ ಟ್ಯಾಕ್ಸಿಯಲ್ಲಿ ಬರುವುದು ಜಾಣತನ.

ಸುತ್ತಮುತ್ತ ಎಲ್ಲಿಗೆ ಹೋಗಬಹುದು?

ಕಾರು ಇದ್ದರೆ ಮೊದಲು ಎಲ್ ಕಾಂಪಿಯೋ ಹಳ್ಳಿಯ ಸಾನ್ ಪೆದ್ರೋ ದೆ ಲಾ ನಾವೆ. ಏಳನೆಯ ಶತಮಾನದ, ಮುಸ್ಲಿಂ ಆಳ್ವಿಕೆಗೆ ಮುಂಚೆ ಸ್ಪೇನನ್ನು ಆಳಿದ ವಿಸಿಗಾಥರ ಕಾಲದ್ದೆಂದು ಹೇಳುವ ಪುಟ್ಟ ಚರ್ಚು. ರಿಕೊಬಾಯೋ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಇದನ್ನು 1930ರ ನಂತರ ಒಂದೊಂದೇ ಕಲ್ಲು ಬಿಚ್ಚಿ, ಎತ್ತರದ ಜಾಗಕ್ಕೆ ತಂದು ಮತ್ತೆ ಜೋಡಿಸಿದರು. ಒಳಗಿನ ಒಂದು ಬೋದಿಗೆಯಲ್ಲಿ ಸಿಂಹಗಳ ನಡುವೆ ಕೈಯೆತ್ತಿ ನಿಂತ ಬೈಬಲಿನ ಪ್ರವಾದಿ ದಾನಿಯೇಲ ಇದ್ದಾನೆ, ಸಿಂಹಗಳು ಅವನ ಪಾದ ನೆಕ್ಕುತ್ತಿವೆ. ಅಣೆಕಟ್ಟುಗಳ ನೆಲದಿಂದ ಬಂದ ನಮ್ಮವರಿಗೆ ಈ ಚರ್ಚಿನ ಕಥೆ ಬೇಗ ತಟ್ಟುತ್ತದೆ. ಕಲ್ಲು ಕಟ್ಟಡ ಸಾಗಿತು, ಹಳೆಯ ಜಾಗ ನೀರಡಿ ಉಳಿಯಿತು.

ಕಾರಿಲ್ಲದವರು 33 ಕಿ.ಮೀ. ದೂರದ ತೋರೋಗೆ ಬಸ್ಸಿನಲ್ಲಿ ಹೋಗಬಹುದು. ಅಲ್ಲಿನ ದೊಡ್ಡ ಚರ್ಚಿನ ಪಶ್ಚಿಮ ಬಾಗಿಲುವಾಡದ ಶಿಲ್ಪಗಳ ಮೇಲೆ 13ನೆಯ ಶತಮಾನದ ಬಣ್ಣ ಇನ್ನೂ ಇದೆ. ಮಧ್ಯಯುಗದ ಚರ್ಚುಗಳು ಬರೀ ಬೂದು ಕಲ್ಲಾಗಿದ್ದವು ಎಂಬ ಭ್ರಮೆ ಅಲ್ಲಿಗೆ ಹರಿಯುತ್ತದೆ. ಅದೇ ಚರ್ಚಿನಲ್ಲಿ ‘ನೊಣದ ಮಾತೆ’ ಎಂಬ ಚಿತ್ರವಿದೆ. ಮರಿಯಾಳ ಬಟ್ಟೆಯ ಮೇಲೆ ಕುಳಿತ ನೊಣವನ್ನು ಓಡಿಸಲು ಕೈ ಮುಂದೆ ಹೋಗುವಷ್ಟು ನಿಜವಾಗಿ ಬರೆದಿದ್ದಾರೆ. ತೋರೋದ ಕೆಂಪು ವೈನ್ ಬಲು ಗಡಸು.

ಊರು ಖಾಲಿಯಾಗುತ್ತಿದೆಯಂತೆ, ನಿಜವೇ?

ಜಿಲ್ಲೆಯ ಮಟ್ಟಿಗೆ ನಿಜ. ಸ್ಪೇನಿನಲ್ಲಿ ಜನಸಂಖ್ಯೆ ಇಳಿಯುತ್ತಿರುವ, ವೃದ್ಧರ ಪ್ರಮಾಣ ಅತಿ ಹೆಚ್ಚಿರುವ ಜಿಲ್ಲೆಗಳಲ್ಲಿ ಜಮೋರಾ ಮುಂಚೂಣಿಯಲ್ಲಿದೆ. ಓದಿದ ಮಕ್ಕಳು ವಾಯಾದೊಲಿದ್‌ಗೋ ಮ್ಯಾಡ್ರಿಡ್‌ಗೋ ಹೋಗುತ್ತಾರೆ. 2022ರ ಬೇಸಿಗೆಯಲ್ಲಿ ಸಿಯೆರ್ರಾ ದೆ ಲಾ ಕುಲೆಬ್ರಾ ಬೆಟ್ಟಸಾಲಿಗೆ ಬಿದ್ದ ಭಾರಿ ಕಾಳ್ಗಿಚ್ಚು ಹಳ್ಳಿಗಳ ಜೀವನೋಪಾಯಕ್ಕೇ ಕೊಳ್ಳಿ ಇಟ್ಟಿತು. ನೀವು ಉಳಿಯುವ ಎರಡು ರಾತ್ರಿಯಿಂದ ಇದೆಲ್ಲ ಸರಿಹೋಗುವುದಿಲ್ಲ. ಆದರೂ ಚೀಸನ್ನು ವಿಮಾನ ನಿಲ್ದಾಣದ ಬದಲು ಇಲ್ಲಿನ ಅಂಗಡಿಯಲ್ಲೇ ಕೊಳ್ಳಿ, ಬೆಲೆಯೂ ಕಡಿಮೆ.

ಇಲ್ಲಿಂದ ಪೋರ್ಚುಗಲ್‌ಗೆ ದಾಟಬಹುದೇ?

ಅದೇ ಶೆಂಗೆನ್ ವೀಸಾ ಸಾಕು. ಪೋರ್ಚುಗಲ್ ಸ್ವತಂತ್ರ ರಾಜ್ಯವಾಗುವ ಹಾದಿಯ ಮುಖ್ಯ ಒಪ್ಪಂದ 1143ರಲ್ಲಿ ನಡೆದದ್ದು ಇದೇ ಜಮೋರಾದಲ್ಲಿ, ಅಫೋನ್ಸೋ ಹೆನ್ರಿಕೇಸ್ ಮತ್ತು ಏಳನೆಯ ಅಲ್ಫೋನ್ಸೋ ನಡುವೆ. ಹಾಗಿದ್ದೂ ಗಡಿ ದಾಟಲು ಇಲ್ಲಿಂದ ರೈಲಿಲ್ಲ. ಕಾರಿನಲ್ಲಾದರೆ ದುಯೆರೋ ಕೊರೆದ ಆಳ ಕಣಿವೆಯ ಅಂಚಿನ ಮಿರಾಂದಾ ದೊ ದೌರೊಗೆ ಒಂದು ಗಂಟೆಯೊಳಗೆ ತಲುಪಬಹುದು. ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ನಿಲ್ಲಿಸುವುದಿಲ್ಲ, ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ. ಪೋರ್ಚುಗಲ್‌ನ ಗಡಿಯಾರ ಒಂದು ಗಂಟೆ ಹಿಂದೆ. ಅಲ್ಲಿ ಊಟ ಮಾಡಿ ಇತ್ತ ಬರುವವರು ಜಮೋರಾದ ಚರ್ಚುಗಳು ಸಂಜೆ ಬಾಗಿಲು ಹಾಕುವ ಹೊತ್ತಿನಿಂದ ಆ ಒಂದು ಗಂಟೆಯನ್ನು ಕಳೆದುಕೊಂಡೇ ಲೆಕ್ಕ ಹಾಕಬೇಕು.